ತಾಮ್ರಕ್ಕಾಗಿ ಊಟ ಬಿಟ್ಟ ಮಧ್ಯಾಹ್ನ

ತಾಮ್ರದ ಮಾರುಕಟ್ಟೆಯಲ್ಲಿ ನನ್ನಂಥವನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವ ಲಕ್ಷಣವೂ ಕಾಣಿಸುತ್ತಿಲ್ಲ. ಈ ಮಾತನ್ನು ನಾನೊಬ್ಬನೇ ಹೇಳುವುದಿಲ್ಲ. ನಾನು ಒಂದೆರಡು ಸಲ ಹೇಳಿದ ಮೇಲೆ ಬೇರೆಯವರೂ ಹೇಳುತ್ತಾರೆ. ಬೆಳಗ್ಗೆ ನಾನು ಆಕಳಿಸಿದರೆ ಬೆಲೆ ಇಳಿಯುತ್ತದೆ, ಸೀನಿದರೆ ಏರುತ್ತದೆ. ಒಮ್ಮೆ ಎರಡೂ ಒಟ್ಟಿಗೆ ಬಂದು ಅರ್ಧ ದಿನ ವಹಿವಾಟೇ ನಿಂತುಹೋಗಿತ್ತು. ಇಂಥ ನನ್ನನ್ನು ನನ್ನ ಒಡಹುಟ್ಟಿದ ಅಕ್ಕನೇ ಒಂದು ಸ್ಕ್ರೂಡ್ರೈವರ್ ತರಿಸಿ ಮೂಲೆಗೆ ತಳ್ಳಲು ಹೊರಟಿದ್ದಳು ಅಂದರೆ ನೀವು ನಂಬಲಿಕ್ಕಿಲ್ಲ. ನಂಬಿ. ನಾನು ಸುಳ್ಳು ಹೇಳುವುದು ಅಗತ್ಯ ಬಿದ್ದಾಗ ಮಾತ್ರ.

ವ್ಯಾಪಾರ ಅಕ್ಕನದು, ಅಪ್ಪನಿಂದ ಬಂದದ್ದು. ಕನ್ನಡಕದ ಅಂಗಡಿಯ ಮೇಲೆ ಉದ್ದನೆಯ ಒಂದು ಕೋಣೆ, ಎರಡು ಸಾಲು ಮೇಜು, ಮೇಜಿನ ತುಂಬ ಸ್ಕ್ರೀನು, ಕೊನೆಯಲ್ಲಿ ಅಕ್ಕನ ಗಾಜಿನ ಕೋಣೆ. ದಿನಕ್ಕೆ ಬೆಟ್ಟದಷ್ಟು ತಾಮ್ರ ಕೊಳ್ಳುತ್ತೇವೆ, ಬೆಟ್ಟದಷ್ಟು ಮಾರುತ್ತೇವೆ, ಆದರೆ ಆ ಕೋಣೆಯಲ್ಲಿ ನಿಜವಾದ ತಾಮ್ರ ಅಂತ ಇರುವುದು ಗೋಡೆಯ ವೈರಿನೊಳಗೆ ಮಾತ್ರ. ಉಳಿದದ್ದೆಲ್ಲ ಸ್ಕ್ರೀನಿನ ಮೇಲಿನ ಅಂಕಿ.

ಆ ಅಂಕಿಗಳನ್ನು ಮೊದಲು ನಾನು ಕಾಯುತ್ತಿದ್ದೆ. ಆಮೇಲೆ ಅಕ್ಕನ ಮಗಳು ಓದಿ ಮುಗಿಸಿ ಬಂದಳು, ಒಂದು ಪ್ರೋಗ್ರಾಮ್ ಬರೆದಳು. ಅದರ ನಿಯಮ ಸರಳ. ನಾವು ಕೊಂಡ ತಾಮ್ರದ ಬೆಲೆಗೆ ಕೆಳಗೊಂದು ಗೆರೆ, ಮೇಲೊಂದು ಗೆರೆ. ಬೆಲೆ ಕೆಳಗಿನ ಗೆರೆ ಮುಟ್ಟಿದರೆ ಅಷ್ಟನ್ನೂ ಮಾರಿ ನಷ್ಟ ಸಾಕು ಅನ್ನುವುದು. ಮೇಲಿನ ಗೆರೆ ಮುಟ್ಟಿದರೆ ಅಷ್ಟನ್ನೂ ಮಾರಿ ಲಾಭ ಸಾಕು ಅನ್ನುವುದು. ಯಾರನ್ನೂ ಕೇಳುವುದಿಲ್ಲ, ಯಾರ ಮುಖವನ್ನೂ ನೋಡುವುದಿಲ್ಲ. ಅದನ್ನು ತಡೆಯಲು ಇಡೀ ಕೋಣೆಗೆ ಒಂದೇ ಒಂದು ಕೆಂಪು ಬಟನ್. ಅದು ನನ್ನ ಮೇಜಿನ ಮೇಲೆ. ಬೇರೆ ಯಾರ ಮೇಜಿಗೆ ಆ ಯೋಗ್ಯತೆ ಇದೆ ಹೇಳಿ.

ಆದರೆ ಬಟನ್ ಸುಮ್ಮನೆ ಒತ್ತುವ ಹಾಗಿಲ್ಲ. ಅಪ್ಪನ ಕಾಲದಿಂದ ನಮ್ಮಲ್ಲೊಂದು ಪದ್ಧತಿ ಇದೆ. ನಿಯಮ ಮೀರುವವನು ಎದ್ದು ನಿಲ್ಲಬೇಕು. ಯಾಕೆ ಮೀರುತ್ತಿದ್ದೇನೆ ಅನ್ನುವುದನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಆ ಕಾರಣ ಕಣ್ಣಿಗೆ ಕಂಡದ್ದೋ ಕಿವಿಗೆ ಬಿದ್ದದ್ದೋ ಆಗಿರಬೇಕು. 'ನನಗೆ ಅನ್ನಿಸುತ್ತೆ' ಅಂದರೆ ಅಲ್ಲಿಗೇ ಮುಗಿಯಿತು. ಕಾರಣ ಇರುವ ತನಕ ಕೂರುವಂತಿಲ್ಲ, ಏನೂ ತಿನ್ನುವಂತಿಲ್ಲ. ಕಾರಣ ಮುಗಿದ ಕೂಡಲೇ ಬಟನ್ ಬಿಟ್ಟು ಕೂರಬೇಕು, ನಿಯಮ ಮತ್ತೆ ಜಾರಿ. ಕೂತವನು ಸಂಜೆ ತನಕ ಹಟ ಹಿಡಿಯಬಲ್ಲ, ನಿಂತವನ ಕಾಲು ಬೇಗ ಬುದ್ಧಿ ಹೇಳುತ್ತದೆ ಅನ್ನುವುದು ಅಪ್ಪನ ಲೆಕ್ಕ.

ಇತ್ತೀಚೆಗೆ ನಾನು ಕೆಲವು ಸಲ ನಿಂತು, ಕೋಣೆಯವರ ಭಾಷೆಯಲ್ಲಿ, ಸೋತಿದ್ದೆ. ನನ್ನ ಭಾಷೆಯಲ್ಲಿ ಮಾರುಕಟ್ಟೆ ತಡವಾಗಿ ಬಂದಿತ್ತು. ನಾನು ಹೇಳಿದ ಬೆಲೆಗಳೆಲ್ಲ ಬಂದೇ ಬಂದವು. ನಾವು ಮಾರಿಯಾದ ಮೇಲೆ ಬಂದವು ಅಷ್ಟೇ. ಇಷ್ಟು ಸಣ್ಣ ವಿಷಯ ಅಕ್ಕನಿಗೆ ಅರ್ಥವಾಗಲಿಲ್ಲ.

ಆ ಬೆಳಗ್ಗೆ ನಾನು ಬರುವಷ್ಟರಲ್ಲಿ ನನ್ನ ಮೇಜಿನ ಪಕ್ಕ ಸ್ಟೂಲಿನ ಮೇಲೆ ಒಬ್ಬ ಎಲೆಕ್ಟ್ರಿಷಿಯನ್ ಕೂತಿದ್ದ. ತೊಡೆಯ ಮೇಲೆ ಸ್ಕ್ರೂಡ್ರೈವರ್.

"ಯಾರಪ್ಪ ನೀನು?"

"ಬಟನ್ ಬಿಚ್ಚೋಕೆ ಬಂದಿದೀನಿ ಸಾರ್. ಸಂಜೆ ಬಿಚ್ಚು ಅಂದ್ರು ಮೇಡಂ. ಸಂಜೆ ನಂಗೆ ಬೇರೆ ಕಡೆ ಕೆಲಸ ಇದೆ, ಅದಕ್ಕೆ ಈಗಲೇ ಬಂದೆ."

"ಸಂಜೆ ಬಿಚ್ಚೋದಕ್ಕೆ ಬೆಳಗ್ಗೆ ಬಂದು ಏನ್ ಮಾಡ್ತೀಯ?"

"ಅದನ್ನೇ ಯೋಚನೆ ಮಾಡ್ತಾ ಇದೀನಿ ಸಾರ್."

ಅಕ್ಕ ಗಾಜಿನ ಕೋಣೆಯ ಬಾಗಿಲಲ್ಲಿ ನಿಂತಳು. ಅವಳು ಕೈ ಕಟ್ಟಿ ನಿಂತರೆ ಮಾತು ಮುಗಿದಿದೆ ಅಂತ ಅರ್ಥ.

"ನೋಡೋ, ಇವತ್ತೊಂದು ದಿನ ಬಟನ್ ಇರುತ್ತೆ. ಒತ್ತಬೇಕು ಅನ್ನಿಸಿದ್ರೆ ಒತ್ತು. ಗೆದ್ದರೆ ಆಮೇಲೆ ಮಾತಾಡೋಣ. ಸೋತರೆ, ಇಲ್ಲ ಸುಮ್ಮನೆ ಕೂತ್ರೂ, ಸಂಜೆ ಬಟನ್ ಹೋಗುತ್ತೆ. ನಾಳೆಯಿಂದ ನೀನು ಒಳಗಿನ ಮೇಜಲ್ಲಿ ಕರೆಂಟ್ ಬಿಲ್ಲು, ಬಾಡಿಗೆ, ಲಿಫ್ಟ್ ರಿಪೇರಿ ನೋಡ್ಕೋ."

"ಲಿಫ್ಟ್ ರಿಪೇರಿನಾ? ನಾನಾ?"

"ಅದೂ ನಿನ್ನ ಥರನೇ. ಮೇಲೆ ಹೋಗುತ್ತೆ ಅಂತ ಎಲ್ಲರನ್ನೂ ಹತ್ತಿಸ್ಕೊಂಡು ನಡುವೆ ನಿಲ್ಲುತ್ತೆ."

ಕೋಣೆ ನಕ್ಕಿತು. ಅಕ್ಕನ ಮಗಳು ಎಲ್ಲರಿಗಿಂತ ಒಂದು ಕ್ಷಣ ಹೆಚ್ಚು ನಕ್ಕಳು. ಅವಳಿಗೆ ನಡೆಯಲು ಕಲಿಸಿದವನು ನಾನು. ಅವಳ ಅಮ್ಮನನ್ನು ಕೇಳಿದರೆ ಬೇರೆ ಏನೋ ಹೇಳುತ್ತಾಳೆ, ನಂಬಬೇಡಿ.

ಗಾಯದ ಮೇಲೆ ಉಪ್ಪು ಅಂದರೆ, ಅವತ್ತು ಮಧ್ಯಾಹ್ನ ತಂತಿಯವರ ಬೀಳ್ಕೊಡುಗೆ ಊಟ ಇತ್ತು. ದೊಡ್ಡ ತಂತಿ ಕಾರ್ಖಾನೆಗೆ ತಾಮ್ರ ಕೊಳ್ಳುವ ಹಿರಿಯರು ಅವರು. ಹೆಸರು ಹಿಡಿದು ಯಾರೂ ಕರೆಯುವುದಿಲ್ಲ, ತಂತಿಯವರು ಅಂದರೆ ಸಾಕು. ನಿವೃತ್ತರಾಗುತ್ತಿದ್ದರು. ನಮ್ಮ ಸೀಮೆಯಲ್ಲಿ ತಾಮ್ರ ಕೊಳ್ಳುವ ಪ್ರತಿಯೊಬ್ಬರೂ, ತಂತಿಯವರಿಂದ ಹಿಡಿದು ಕೇಬಲ್ಲಿನವರು, ಮೋಟಾರಿನವರು, ಪೈಪಿನವರ ತನಕ, ಒಂದೇ ಹೋಟೆಲಿನಲ್ಲಿ ಒಂದೇ ಉದ್ದ ಮೇಜಿಗೆ ಕೂರುವವರಿದ್ದರು. ನನಗೂ ಕರೆ ಇತ್ತು. ಹೊಸ ಅಂಗಿ ಹಾಕಿದ್ದೆ. ಹೊಟ್ಟೆಯಲ್ಲಿ ಜಾಗ ಇರಲಿ ಅಂತ ಬೆಳಗಿನ ತಿಂಡಿಯನ್ನೂ ಬಿಟ್ಟಿದ್ದೆ, ಹಿಂದಿನ ರಾತ್ರಿಯ ಊಟವನ್ನೂ ಮೂರು ಸಲ ಬಡಿಸಿಕೊಳ್ಳುವಲ್ಲಿ ಎರಡೇ ಸಲಕ್ಕೆ ನಿಲ್ಲಿಸಿದ್ದೆ.

"ಬಟನ್ ಇರೋ ತನಕ ನೀನು ಮೇಜು ಬಿಟ್ಟು ಅಲ್ಲಾಡಬಾರದು," ಅಂದಳು ಅಕ್ಕ.

ಹೀಗೆ ಇಡೀ ತಾಮ್ರದ ಲೋಕವೇ ಊಟಕ್ಕೆ ಹೊರಟಾಗ ಅದರ ರಾಜ ಮಾತ್ರ ಹೊಸ ಅಂಗಿಯಲ್ಲಿ ಒಬ್ಬ ಎಲೆಕ್ಟ್ರಿಷಿಯನ್ ಪಕ್ಕ ಕೂತಿದ್ದ.

ಊಟದ ಹೊತ್ತಾಯಿತು. ಬೆಲೆ ಜಾರತೊಡಗಿತು. ಮೊದಲು ಮೆಲ್ಲಗೆ, ಆಮೇಲೆ ಒಂದೊಂದೇ ಮೆಟ್ಟಿಲು ಇಳಿದ ಹಾಗೆ, ಆಮೇಲೆ ಮೆಟ್ಟಿಲೇ ಇಲ್ಲದ ಹಾಗೆ. ಕೋಣೆಯಲ್ಲಿ ಚಮಚದ ಸದ್ದು ನಿಂತಿತು.

"ಏನಾದ್ರೂ ಸುದ್ದಿ ಬಂತಾ?" ಅಂತ ಯಾರೋ ಕೇಳಿದರು.

"ಸುದ್ದಿ ಏನೂ ಇಲ್ಲ," ಅಂದಳು ಅಕ್ಕನ ಮಗಳು. "ಸುದ್ದಿ ಯಾಕೆ ಬೇಕು? ಗೆರೆ ಹತ್ತಿರ ಬರ್ತಿದೆ. ಮುಟ್ಟಿದ್ರೆ ಮಾರುತ್ತೆ. ಅದಕ್ಕೇ ಗೆರೆ ಹಾಕಿರೋದು."

ನಾನು ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿದೆ. ಮಾರುವವರ ಕಡೆ ಅಂಕಿ ಬರುತ್ತಿತ್ತು: ಒಂದೇ ಅಳತೆ, ಮತ್ತೆ ಒಂದೇ ಅಳತೆ, ನಡುವೆ ಒಂದೇ ಬಿಡುವು. ಹೆದರಿದ ಮನುಷ್ಯ ಹೀಗೆ ಮಾರುವುದಿಲ್ಲ. ಹೆದರಿದವನು ಒಂದು ಸಲ ಸ್ವಲ್ಪ ಮಾರುತ್ತಾನೆ, ದೇವರೇ ಅನ್ನುತ್ತಾನೆ, ಆಮೇಲೆ ಇರುವುದನ್ನೆಲ್ಲ ಎತ್ತಿ ಬಿಸಾಡುತ್ತಾನೆ. ಇಲ್ಲಿ ಯಾರೂ ಹೆದರಿರಲಿಲ್ಲ. ಯಾವುದೋ ಕಂಪನಿಯ ಪ್ರೋಗ್ರಾಮ್ ತನ್ನ ಪಾಡಿಗೆ ಮಾರುತ್ತಿತ್ತು. ಅದರಿಂದ ಬೆಲೆ ಇಳಿದು ಇನ್ನೊಬ್ಬರ ಗೆರೆ ಮುಟ್ಟಿ ಅವರ ಪ್ರೋಗ್ರಾಮ್ ಮಾರುತ್ತಿತ್ತು. ಅದನ್ನು ನೋಡಿ ಮತ್ತೊಂದು. ಯಂತ್ರಗಳು ಒಂದನ್ನೊಂದು ಹೆದರಿಸಿಕೊಂಡು ಓಡುತ್ತಿದ್ದವು.

ಆಮೇಲೆ ಕೊಳ್ಳುವವರ ಕಡೆ ನೋಡಿದೆ. ಖಾಲಿ. ತೊಳೆದಿಟ್ಟ ತಟ್ಟೆಯ ಹಾಗೆ ಖಾಲಿ.

ಆಗ ನನ್ನ ಹೊಟ್ಟೆ ಒಮ್ಮೆ ಗುಡುಗಿತು. ಕೆಳಗಿನ ಕನ್ನಡಕದ ಅಂಗಡಿಯಲ್ಲಿ ಗಾಜುಗಳು ಅಲುಗಿದವಂತೆ. ಆ ಗುಡುಗಿಗೆ ನನಗೆ ಎಲ್ಲ ಹೊಳೆಯಿತು. ನಾನು ಎದ್ದು ನಿಂತು ಕೆಂಪು ಬಟನ್ ಒತ್ತಿದೆ. ಅದೇ ಕ್ಷಣದಲ್ಲಿ ಬೆಲೆ ಗೆರೆ ಮುಟ್ಟಿತು. ಕೂದಲೆಳೆಯ ಅಂತರ ಅಂತಾರಲ್ಲ, ಅಷ್ಟು. ಆ ಕೂದಲು ನನ್ನದಾಗಿರಲಿಲ್ಲ ಅಷ್ಟೇ, ನನ್ನ ತಲೆಯಲ್ಲಿ ಈಗ ಕೂದಲಿಲ್ಲ.

"ಮಾಮ," ಅಂದಳು ಅಕ್ಕನ ಮಗಳು, ತಲೆಯ ಮೇಲೆ ಕೈ ಹೊತ್ತು. "ಇವತ್ತೂನಾ?"

"ಕೇಳ್ರಪ್ಪ ಎಲ್ಲರೂ," ಅಂದೆ. "ಕೊಳ್ಳೋರೆಲ್ಲ ತಂತಿಯವರ ಊಟಕ್ಕೆ ಹೋಗಿದ್ದಾರೆ. ಮಾರ್ತಿರೋದು ಹೊಟ್ಟೆ ಇಲ್ಲದ ಯಂತ್ರಗಳು. ತಾಮ್ರಕ್ಕೆ ಏನೂ ಆಗಿಲ್ಲ. ಊಟ ಮುಗಿಸಿ ಅವರು ಬಂದ ಕೂಡಲೇ ಬೆಲೆ ಎದ್ದು ನಿಲ್ಲುತ್ತೆ. ಇದು ನನ್ನ ಕಾರಣ."

"ಅದು ನಿನಗೆ ಅನ್ನಿಸಿದ್ದು. ಕಂಡಿದ್ದಾ? ಕೇಳಿದ್ದಾ?"

"ಫೋನ್ ಮಾಡು. ಸ್ಪೀಕರ್ ಹಾಕು."

ಅವಳು ತಂತಿ ಕಾರ್ಖಾನೆಗೆ ಮಾಡಿದಳು. "ಖರೀದಿಯವರು ಊಟಕ್ಕೆ ಹೋಗಿದ್ದಾರೆ," ಅಂತು ಫೋನು. ಕೇಬಲ್ಲಿನವರಿಗೆ ಮಾಡಿದಳು. "ಊಟಕ್ಕೆ ಹೋಗಿದ್ದಾರೆ, ಲೇಟಾಗುತ್ತೆ ಅಂದ್ರು." ಮೋಟಾರಿನವರ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು. ಪೈಪಿನವರ ಕಾವಲುಗಾರ ಎತ್ತಿ, "ನಾನೊಬ್ಬನೇ ಇರೋದು, ಏನು ಬೇಕಿತ್ತು?" ಅಂದ.

ಅವಳು ಫೋನ್ ಇಟ್ಟಳು. ಅವಳ ಪ್ರೋಗ್ರಾಮ್ ಯುದ್ಧ ನೋಡಿತ್ತು, ಮುಷ್ಕರ ನೋಡಿತ್ತು, ಗಣಿ ಕುಸಿದದ್ದು ನೋಡಿತ್ತು. ಕೊಳ್ಳುವವರೆಲ್ಲ ಒಂದೇ ಮೇಜಿಗೆ ಊಟಕ್ಕೆ ಕೂತದ್ದನ್ನು ಮಾತ್ರ ನೋಡಿರಲಿಲ್ಲ.

"ಸರಿ. ಕಾರಣ ಕಿವಿಗೆ ಬಿತ್ತು," ಅಂದಳು. "ನಿಂತಿರು. ಆದ್ರೆ ಊಟ ಯಾವಾಗ ಮುಗಿಯುತ್ತೆ ಮಾಮ?"

"ತಂತಿಯವರ ಭಾಷಣ ಮುಗಿದಾಗ."

ಕೋಣೆಯ ತುಂಬ ಒಂದು ನರಳಾಟ ಹರಿಯಿತು. ತಂತಿಯವರನ್ನು ಬಲ್ಲವರಿಗೆ ಗೊತ್ತು. ಅವರು ಒಂದು ಸಲ ಲಿಫ್ಟಿನಲ್ಲಿ ಸಿಕ್ಕವನಿಗೆ ನಮಸ್ಕಾರ ಹೇಳಲು ಶುರು ಮಾಡಿ ಮುಗಿಸುವಷ್ಟರಲ್ಲಿ ಅವನಿಗೆ ಬಡ್ತಿ ಬಂದಿತ್ತು. ಅಂಥವರಿಗೆ ಬೀಳ್ಕೊಡುಗೆ, ಕೈಯಲ್ಲಿ ಮೈಕು, ಮುಂದೆ ಕಟ್ಟಿಹಾಕಿದಂಥ ಜನ. ಫೋನ್ ಆಫ್ ಮಾಡಿಸಿಯೇ ಮಾತು ಶುರು ಮಾಡುವುದು ಅವರ ಕ್ರಮ.

ಬೆಲೆ ಗೆರೆಯ ಕೆಳಗೆ ಇಳಿಯುತ್ತಲೇ ಇತ್ತು. ನಾನು ನಿಂತೇ ಇದ್ದೆ. ನನ್ನ ಕಾಲು ನೆಲದೊಳಗೆ ಬೇರು ಬಿಟ್ಟು ಕನ್ನಡಕದ ಅಂಗಡಿಯ ಚಾವಣಿಯಲ್ಲಿ ಕಾಣಿಸಿಕೊಂಡಿತು ಅಂತ ಆಮೇಲೆ ಅಂಗಡಿಯವರು ದೂರಿದರು. ಅಷ್ಟು ಸಾಲದು ಅನ್ನುವ ಹಾಗೆ ಎಲೆಕ್ಟ್ರಿಷಿಯನ್ ತನ್ನ ಊಟದ ಡಬ್ಬಿ ಬಿಚ್ಚಿದ. ಹುರಿದ ಬೆಳ್ಳುಳ್ಳಿಯ ವಾಸನೆ ಎದ್ದು ಬಂದು ನನ್ನ ಹೊಸ ಅಂಗಿಯ ಕಾಲರ್ ಹಿಡಿದುಕೊಂಡಿತು.

"ಒಂದು ತುತ್ತು ತಗೊಳ್ಳಿ ಸಾರ್."

"ತಿನ್ನೋ ಹಾಗಿಲ್ಲ."

"ವ್ರತಾನಾ?"

"ವ್ಯಾಪಾರ."

"ಇದೆಂಥ ವ್ಯಾಪಾರ ಸಾರ್," ಅಂತ ಅವನು ಮರುಕದಿಂದ ತಲೆಯಾಡಿಸಿ ಇನ್ನಷ್ಟು ಹತ್ತಿರ ಕೂತು ತಿಂದ.

ಕೊನೆಗೆ ಅಕ್ಕ ಹೊರಗೆ ಬಂದಳು. ಅವಳು ಯಜಮಾನಿ, ಅವಳು 'ಕೂರು' ಅಂದರೆ ಕಾರಣ ಇದ್ದರೂ ಕೂರಬೇಕು, ಕೂತರೆ ನಿಯಮ ಆ ಕ್ಷಣವೇ ಎಲ್ಲವನ್ನೂ ಮಾರುತ್ತದೆ, ಅದೂ ದಿನದ ಅತಿ ಕೆಟ್ಟ ಬೆಲೆಗೆ. ಅವಳು ಸ್ಕ್ರೀನ್ ನೋಡಿದಳು. ಮುಖ ಬಿಳಿಚಿತು. ಬಾಯಿ ತೆರೆದಳು. 'ಕೂ' ಅನ್ನುವ ತನಕ ಬಂದಿತ್ತು, ನನ್ನ ಕಿವಿಯಾಣೆ. ಅಷ್ಟರಲ್ಲಿ ನನ್ನ ಹೊಟ್ಟೆ ಮತ್ತೊಮ್ಮೆ ಗುಡುಗಿತು. ಅವಳು ನಿಲ್ಲಿಸಿದಳು.

"ಊಟ ಮಾಡಿದ್ಯೇನೋ?"

"ಇಲ್ಲ."

"ಬೆಳಗ್ಗೆ ತಿಂಡಿ?"

"ಅಲ್ಲಿ ಜಾಗ ಬೇಕಲ್ಲ ಅಂತ ಅದನ್ನೂ ಬಿಟ್ಟಿದ್ದೆ."

ಅಕ್ಕ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ಆಮೇಲೆ ಮಗಳ ಕಡೆ ತಿರುಗಿದಳು.

"ಚಿಕ್ಕವರಿದ್ದಾಗ ಒಂದು ಸಲ ಅಡುಗೆಮನೆಗೆ ಬೆಂಕಿ ಹತ್ತಿತ್ತು. ಎಲ್ಲರೂ ಬರಿಗೈಲಿ ಓಡಿ ಬಂದ್ವಿ. ಇವನು ತಟ್ಟೆ ಹಿಡ್ಕೊಂಡು ಬಂದ. ಆಮೇಲೆ ಒಳಗೆ ಹೋಗಿ ಉಪ್ಪು ತಂದ."

"ಅದಕ್ಕೆ?"

"ಇವನು ತಪ್ಪು ಮಾಡೋದು ಸಾವಿರ ಸಲ ನೋಡಿದೀನಿ. ಪ್ರತಿ ಸಲಾನೂ ಹೊಟ್ಟೆ ತುಂಬಿತ್ತು. ಊಟ ಬಿಟ್ಟು ನಿಂತಿದ್ದು ಇವತ್ತೇ ನೋಡ್ತಿರೋದು."

"ಅಮ್ಮ, ಇದೂ 'ಅನ್ನಿಸುತ್ತೆ'ನೇ ಆಯ್ತಲ್ಲ."

"ಅನ್ನಿಸೋದೇನು ಬಂತು, ಕಣ್ಣೆದುರಿಗೇ ನಿಂತಿದೆ," ಅಂದಳು ಅಕ್ಕ. ಕುರ್ಚಿ ಎಳೆದುಕೊಂಡು ನನ್ನೆದುರು ಕೂತಳು. "ನಿಂತಿರು."

ಆಮೇಲಿನ ಹೊತ್ತು ಹೇಗೆ ಕಳೆಯಿತು ಅಂತ ಕೇಳಬೇಡಿ. ಕಣ್ಣೆದುರಿಗೆ ಸ್ಕ್ರೀನಿನ ಅಂಕಿಗಳೆಲ್ಲ ಬಟ್ಟಲು, ಚಮಚ, ಕರಿದ ತಿಂಡಿಯ ಆಕಾರ ತಾಳಿದವು. ಬೆಲೆ ಇನ್ನೂ ಒಂದು ಮೆಟ್ಟಿಲು ಇಳಿಯಿತು. ಅಕ್ಕ ತನ್ನ ಸೆರಗಿನ ತುದಿಯನ್ನು ಹಗ್ಗ ಹೊಸೆದ ಹಾಗೆ ಹೊಸೆದಳು. ಎಲೆಕ್ಟ್ರಿಷಿಯನ್ ಸ್ಕ್ರೂಡ್ರೈವರ್ ಒರೆಸಿಕೊಂಡು, "ಬಿಚ್ಚಲಾ ಮೇಡಂ?" ಅಂದ.

ಆಗ ನನಗೊಂದು ಫೋನು ಬಂತು. ಅಕ್ಕನ ಮಗಳೇ ಎತ್ತಿ ಸ್ಪೀಕರ್ ಹಾಕಿದಳು. ತಂತಿಯವರು. ಹಿಂದೆ ಕುರ್ಚಿ ಎಳೆಯುವ ಸದ್ದು, ತಟ್ಟೆಗಳ ಸದ್ದು, ಬಹಳ ಜನ ಒಟ್ಟಿಗೆ ಓಡುವ ಸದ್ದು.

"ಏನಯ್ಯ, ಎಲ್ಲಿ ನೀನು? ನಿನ್ನ ಕುರ್ಚಿ ಖಾಲಿ ಬಿಟ್ಟು ನನ್ನ ಮಾನ ಕಳೆದೆ. ಅದಿರಲಿ, ತಾಮ್ರಕ್ಕೇನಾಗಿದೆ? ಯಾವನೋ ಮೇಜಿನ ಕೆಳಗೆ ಫೋನ್ ನೋಡಿದ. ಇಷ್ಟು ಅಗ್ಗ ಆಗಿದೆ ಅಂತ ಪಕ್ಕದವನಿಗೆ ಪಿಸುಗುಟ್ಟಿದ. ಎಲ್ಲರೂ ಕೈ ಕೂಡ ತೊಳೆಯದೆ ಎದ್ದು ಓಡ್ತಿದ್ದಾರೆ. ನಾನಿನ್ನೂ ಕೆಲಸಕ್ಕೆ ಸೇರಿದ ದಿನದ ಕಥೆಯಲ್ಲೇ ಇದ್ದೆ."

"ಭಾಷಣ ನಿಲ್ಲಿಸಿಬಿಟ್ರಾ ಸ್ವಾಮಿ?"

"ನಿಲ್ಲಿಸೋದೇನು, ಕೇಳೋಕೆ ಬಡಿಸೋರು ಮಾತ್ರ ಉಳಿದಿದ್ದಾರೆ."

ಅವರ ಮಾತು ಮುಗಿಯುವ ಮೊದಲೇ ಸ್ಕ್ರೀನಿನ ಖಾಲಿ ಕಡೆ ಒಂದು ಅಂಕಿ ಮಿನುಗಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ಎಣಿಸಲಾಗದಷ್ಟು. ಅರ್ಧ ಊಟಕ್ಕೆ ಎದ್ದುಬಂದ ಜನ ತಾಮ್ರವನ್ನೇ ಉಣ್ಣುವವರ ಹಾಗೆ ಮೇಲೆ ಬಿದ್ದಿದ್ದರು. ಬೆಲೆ ಎದ್ದಿತು, ಮೈ ಕೊಡವಿತು, ಕೆಳಗಿನ ಗೆರೆ ದಾಟಿತು, ಬೆಳಗಿನ ಬೆಲೆ ದಾಟಿತು, ಹಿಂತಿರುಗಿ ನೋಡದೆ ಮೇಲೆ ಓಡಿತು. ಕೋಣೆಯಲ್ಲಿ ಮೇಜು ಗುದ್ದಿದ ಸದ್ದಿಗೆ ರಸ್ತೆಯಲ್ಲಿ ಬಸ್ಸು ನಿಂತಿತು. ಯಾರೋ ನನ್ನ ಬೆನ್ನು ತಟ್ಟಿದರು. ಎಲೆಕ್ಟ್ರಿಷಿಯನ್ ಏನೂ ಅರ್ಥವಾಗದೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದ.

ನಾನು ಇಲ್ಲದ ಮೀಸೆ ತಿರುವಿದೆ. ಮೇಲಿನ ಗೆರೆ ಹತ್ತಿರ ಬರುತ್ತಿತ್ತು. ಬಟನ್ ನನ್ನ ಬೆರಳಿನ ಕೆಳಗೇ ಇತ್ತು. ಅದು ಒತ್ತಿರುವ ತನಕ ಮೇಲಿನ ಗೆರೆಯೂ ನಮ್ಮ ತಾಮ್ರ ಮಾರಲಾರದು. ಇಷ್ಟು ಚೆನ್ನಾಗಿ ಓಡುವ ಕುದುರೆಯಿಂದ ಇಳಿಯುವುದು ಯಾಕೆ?

"ಮಾಮ," ಅಂದಳು ಅಕ್ಕನ ಮಗಳು, "ಕೂತ್ಕೋ."

"ಈಗಲಾ? ಈಗ ತಾನೇ ಮಜಾ ಶುರು."

"ನಿನ್ನ ಕಾರಣ ಏನಿತ್ತು? ಕೊಳ್ಳೋರು ಊಟಕ್ಕೆ ಹೋಗಿದ್ದಾರೆ ಅಂತ. ಬಂದ್ರು. ಕಾರಣ ಮುಗೀತು."

"ಇನ್ನೂ ಮೇಲೆ ಹೋಗುತ್ತೆ ಮರಿ. ನೋಡ್ತಿರು. ನನಗೆ ಅನ್ನಿ—"

ಇಡೀ ಕೋಣೆ ನನ್ನ ಬಾಯಿ ನೋಡುತ್ತಿತ್ತು. ಅಕ್ಕ ಹುಬ್ಬೇರಿಸಿದಳು. ಅವಳು ಥೇಟ್ ಅಪ್ಪನ ಹಾಗೆ ಹುಬ್ಬೇರಿಸುತ್ತಾಳೆ, ಅದೊಂದು ಅನ್ಯಾಯ.

ಕಾಲು ನೋಯುತ್ತಿತ್ತು ಅನ್ನುವುದು ನಿಜ. ಹೊಟ್ಟೆ ತಾಳ ಹಾಕುತ್ತಿತ್ತು ಅನ್ನುವುದೂ ನಿಜ. ಆದರೆ ನಾನು ಕೂತದ್ದು ಅದಕ್ಕಲ್ಲ. ನನ್ನ ಕೈಯಲ್ಲಿ ಇನ್ನೊಂದು ಕಾರಣ ಇದೆಯಾ ಅಂತ ಹುಡುಕಿದೆ. ಕಂಡದ್ದಿಲ್ಲ, ಕೇಳಿದ್ದಿಲ್ಲ, ಬರೀ ಖುಷಿ ಇತ್ತು. ಬಟನ್ ಬಿಟ್ಟೆ. ಕೂತೆ. ಕುರ್ಚಿ ನನ್ನನ್ನು ಕಂಡು ನಿಟ್ಟುಸಿರಿಟ್ಟಿತು. ಮರುಕ್ಷಣವೇ ಬೆಲೆ ಮೇಲಿನ ಗೆರೆ ಮುಟ್ಟಿತು, ನಿಯಮ ಯಾರನ್ನೂ ಕೇಳದೆ ಅಷ್ಟನ್ನೂ ಮಾರಿತು. ಆ ತಿಂಗಳ ಅತಿ ದೊಡ್ಡ ಲಾಭ. ಸ್ವಲ್ಪ ಹೊತ್ತಿಗೆ ಕೊಳ್ಳುವವರ ಹೊಟ್ಟೆ ತುಂಬಿ ಬೆಲೆ ಮೆಲ್ಲಗೆ ಕೆಳಗಿಳಿದು ಬೆಳಗಿನ ಜಾಗದಲ್ಲೇ ಬಂದು ಕೂತಿತು.

ಅದನ್ನೂ ನಾನು ಮೊದಲೇ ಊಹಿಸಿದ್ದೆ ಅಂತ ಕೂಡಲೇ ಎಲ್ಲರಿಗೂ ಹೇಳಿದೆ. ಅಕ್ಕನ ಮಗಳು ಮಾತ್ರ ನನ್ನ ಕಿವಿಯ ಹತ್ತಿರ ಬಗ್ಗಿ, "ಕೆಳಗಿನ ಗೆರೆ ನಿನ್ನದು, ಮೇಲಿನ ಗೆರೆ ನನ್ನದು. ಸರೀನಾ?" ಅಂದಳು.

"ಗೆಲುವು?"

"ಅದನ್ನ ಹೇಗಿದ್ರೂ ನೀನೇ ತಗೋತೀಯ."

ಜಾಣೆ. ನನ್ನ ಸೋದರ ಸೊಸೆ ಅಲ್ಲವೇ.

ಎಲೆಕ್ಟ್ರಿಷಿಯನ್ ಎದ್ದು ನಿಂತ. "ಮೇಡಂ, ಹೊತ್ತಾಯ್ತು. ಬಿಚ್ಚಲಾ ಬೇಡ್ವಾ?"

ಅಕ್ಕ ಬಟನ್ ಹತ್ತಿರ ಬಂದಳು. ಬೆರಳಿಟ್ಟು ಅಲುಗಿಸಿದಳು. "ಎಷ್ಟು ಸಡಿಲ ಆಗಿದೆ ನೋಡಿ. ಬಿಗಿ ಮಾಡಿ."

ಅವನು ಅರ್ಧ ಸುತ್ತು ತಿರುಗಿಸಿದ. ಇಡೀ ದಿನ ಕೂತದ್ದಕ್ಕೆ ಮಾಡಿದ ಕೆಲಸ ಅಷ್ಟೇ. ಕೂಲಿ ಪೂರ್ತಿ ಸಿಕ್ಕಿತು. "ನಾಳೆನೂ ಬರ್ಲಾ ಮೇಡಂ?" ಅಂತ ಕೇಳಿಕೊಂಡು ಹೋದ.

ಆಮೇಲೆ ಅಕ್ಕ ಗಾಜಿನ ಕೋಣೆಯಿಂದ ತನ್ನ ಊಟದ ಡಬ್ಬಿ ತಂದು ನನ್ನ ಮುಂದಿಟ್ಟಳು. ಮುಚ್ಚಳ ತೆರೆದಿರಲಿಲ್ಲ. ಅವಳೂ ತಿಂದಿರಲಿಲ್ಲ ಅಂತ ಆಗ ಗೊತ್ತಾಯಿತು.

"ಅರ್ಧ ನಿನಗೆ, ಅರ್ಧ ನನಗೆ," ಅಂದಳು.

ಅರ್ಧ ಎಲ್ಲಿ ಮುಗಿಯುತ್ತದೆ ಅನ್ನುವುದಕ್ಕೆ ಆ ಡಬ್ಬಿಯಲ್ಲಿ ಯಾರೂ ಗೆರೆ ಹಾಕಿರಲಿಲ್ಲ. ನಾನು ನನ್ನ ವಿವೇಚನೆಯಿಂದಲೇ ತಿಂದೆ. ಅಕ್ಕ ಕೊನೆಗೆ ಮಗಳ ಡಬ್ಬಿಯಲ್ಲಿ ಪಾಲು ಕೇಳಬೇಕಾಯಿತು.

ಈಗ ನಮ್ಮ ಪ್ರೋಗ್ರಾಮ್ ಬದಲಾಗಿದೆ. ಕೊಳ್ಳುವವರ ಕಡೆ ಖಾಲಿ ಇದ್ದಾಗ ಬೆಲೆ ಕೆಳಗಿನ ಗೆರೆಯ ಹತ್ತಿರ ಬಂದರೆ ಅದು ಸುಮ್ಮನೆ ಮಾರುವುದಿಲ್ಲ. ಮೊದಲು ನನ್ನ ಸ್ಕ್ರೀನಿನ ಮೇಲೆ ದೊಡ್ಡ ಅಕ್ಷರದಲ್ಲಿ, 'ಮಾಮ, ಎಲ್ಲರದೂ ಊಟ ಆಯ್ತಾ?' ಅಂತ ಕೇಳುತ್ತದೆ. ಇಡೀ ಭೂಮಂಡಲದಲ್ಲಿ ಯಂತ್ರವೊಂದು ಊಟದ ವಿಚಾರ ಕೇಳುವುದು ನನ್ನೊಬ್ಬನನ್ನೇ. ನಾನು ಕೋಣೆ ಸುತ್ತ ಒಮ್ಮೆ ಕಣ್ಣು ಹಾಯಿಸುತ್ತೇನೆ, ನಾಲ್ಕು ಕಡೆ ಫೋನ್ ಮಾಡುತ್ತೇನೆ, ಕಾರಣ ಸಿಕ್ಕರೆ ಏಳುತ್ತೇನೆ. ಸಿಗದಿದ್ದರೆ ಕೂತೇ ಇರುತ್ತೇನೆ.

ಹಾಗೆ ಕೂತಿರುವುದರಲ್ಲೂ ನನ್ನನ್ನು ಮೀರಿಸುವವನು ಈ ಮಾರುಕಟ್ಟೆಯಲ್ಲಿ ಇನ್ನೊಬ್ಬನಿಲ್ಲ.